ಕೊನೆಗೂ ತಿಳಿದ ನೌನ್ ಕ್ಲಾಝ್

ಬನಹಟ್ಟಿ
೩೦ ಏಪ್ರಿಲ್ ೨೦೨೫

ಪ್ರೀತಿಯ ಪೂರ್ಣಿಮಕ್ಕನಿಗೆ,

ತಂಗಿಯ ನಮಸ್ಕಾರ. ಮೂರು ದಿನದಿಂದ ಫೋನು ಮಾಡುತ್ತಿದ್ದೀ, ನಾನು ಎತ್ತಲಿಲ್ಲ, ಸಿಟ್ಟಾಗಬೇಡ. ಇಲ್ಲಿ ಮಗ್ಗ ಓಡುವಾಗ ಮಾತು ಕೇಳಿಸುವುದಿಲ್ಲ, ಮಗ್ಗ ನಿಂತರೆ ಮನೆಯೆಲ್ಲ ಕಿವಿ. ಅದಕ್ಕೇ ಈ ಕಾಗದ. ಭಾನುವಾರದ ಪರೀಕ್ಷೆ ಹೇಗಾಯಿತೆಂದು ಕೇಳಲು ನೀನು ತುದಿಗಾಲಲ್ಲಿ ನಿಂತಿರುತ್ತೀ. ಸ್ವಲ್ಪ ತಡೆ, ಮೊದಲು ಓದಿನ ಸುದ್ದಿ ಹೇಳುತ್ತೇನೆ.

ಹೋದ ಸಲ ಶಿಕ್ಷಕಿಯ ಕೆಲಸ ನಾಲ್ಕು ಅಂಕದಲ್ಲಿ ಕೈತಪ್ಪಿತಲ್ಲ, ಆ ನಾಲ್ಕನ್ನೂ ನುಂಗಿದ್ದು ಇಂಗ್ಲಿಷಿನ ನೌನ್ ಕ್ಲಾಝ್, ನಾಮಪದದ ಜಾಗದಲ್ಲಿ ಕೂರುವ ಆ ಉಪವಾಕ್ಯ. ನನ್ನ ವಯಸ್ಸಿಗೆ ಇದೇ ಕಡೆಯ ಸಲ. ಮಹಾಲಿಂಗಪುರದ ಮಕ್ಕಳಿಗೆಲ್ಲ ಕಲಿಸುವ ನೀನು ನನಗೂ ಹೇಳಿಕೊಟ್ಟಿದ್ದೆ: ಸಂಶಯ ಬಂದರೆ ಇಡೀ ತುಂಡನ್ನು ತೆಗೆದು ಅಲ್ಲಿ 'ಇಟ್' ಇಟ್ಟು ನೋಡು, ವಾಕ್ಯ ನಿಂತರೆ ಅದೇ ನೌನ್ ಕ್ಲಾಝ್ ಎಂದು. ಗೋಡೆಗೆ ಚೀಟಿ ಅಂಟಿಸಿ, ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತ ಎರಡು ತಿಂಗಳು ಓದಿದೆ. ತಲೆಗೆ ಹತ್ತಲಿಲ್ಲ.

ಹತ್ತಿಸಿದವರು ಅತ್ತೆ. ಒಂದು ದಿನ ನಿನ್ನ ಮನೆಗೆ ಹೋಗಿಬರಲೇ ಎಂದು ಕೇಳಿದೆ. "ನಿಮ್ಮ ಮಾವಾರು ಏನ ಹೇಳ್ತಾರ, ಅದ ಆಖೈರ ನೋಡವಾ," ಎಂದರು. ನೂಲು ಕೈಯಲ್ಲೇ ನಿಂತಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿಕೊಂಡೆ: ವಾಟ್ ಹೀ ಸೇಸ್ ಈಸ್ ಫೈನಲ್. ಮೊದಲ ಮೂರು ಪದ ಸೇರಿ ಒಂದೇ ನಾಮಪದದ ಜಾಗದಲ್ಲಿ ಜಮಖಾನೆ ಹಾಸಿ ಕೂತಿವೆ. ನಗು ಬಂತು.

"ಯಾಕ ನಗಾಕತ್ತಿ?"

"ಏನಿಲ್ರಿ ಅತ್ತಿ."

ಅಂದೇ ಈ ಮನೆಯ ಮಾತುಗಳಿಂದ ಇಪ್ಪತ್ತು ವಾಕ್ಯ ಕಟ್ಟಿದೆ. ಐ ಡೋಂಟ್ ನೋ ವೆನ್ ಐ ಕ್ಯಾನ್ ಗೋ. ಒಂದೂ ತಪ್ಪಿಲ್ಲ, ಬೇಕಾದರೆ ತಿದ್ದಿ ನೋಡು. ಆ ಸಂತೋಷಕ್ಕೆ, ಅತ್ತೆ ಮಲಗಿದ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ ಕೂಡ.

ನಿನ್ನ ಪುಟ್ಟ ಮಗಳು ಪ್ರೀತಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಬಾಯಿಬಡಕಿಯೂ ಆಗಲಿ.

ನಿನ್ನ
ದಾನೇಶ್ವರಿ

ತಾ.ಕ.: ಪರೀಕ್ಷೆಗೆ ನಾನು ಹೋಗಲಿಲ್ಲ ಅಕ್ಕ. ಭಾನುವಾರ ಅಮಾವಾಸ್ಯೆ. ಮಗ್ಗದ ಪೂಜೆಯಾಗಿ ಕಾಯಿ ಒಡೆಯುವವರೆಗೆ ಈ ಮನೆಯ ಹೆಂಗಸರು ಹೊಸ್ತಿಲು ದಾಟುವುದಿಲ್ಲ. ಬಾಗಲಕೋಟೆಯ ಬಸ್ಸು ಏಳಕ್ಕೆ, ಪೂಜೆಯ ಅಯ್ಯನವರು ಬಂದದ್ದು ಒಂಬತ್ತಕ್ಕೆ. ಹಾಲ್ ಟಿಕೆಟ್ ರವಿಕೆಯಲ್ಲಿಟ್ಟುಕೊಂಡು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಪರೀಕ್ಷೆ ಅಂದೇ ಎಂದು ನಮ್ಮ ಮನೆಯವರಿಗೊಬ್ಬರಿಗೇ ಗೊತ್ತಿತ್ತು. ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮಗ್ಗಕ್ಕೆ ಹೂ ಏರಿಸಿದರು. ಮಧ್ಯಾಹ್ನ ಹಾಲ್ ಟಿಕೆಟ್ ಮಾವನವರ ಕಣ್ಣಿಗೆ ಬಿತ್ತು. ಅದನ್ನು ಎರಡೂ ಬದಿ ತಿರುಗಿಸಿ ನೋಡಿ, "ಮುಂಜಾನೆ ಒಂದ ಮಾತ ಹೇಳಿದ್ರ ನಾನ ಕಾಯಿ ಒಡದು ಕಳಸ್ತಿದ್ನಲ್ಲವಾ," ಎಂದರು. ಬೇಡ ಎಂದು ಯಾರೂ ಅಂದಿರಲಿಲ್ಲ. ನಾನೇ ಕೇಳಿರಲಿಲ್ಲ.