ತಟ್ಟಿ ನೋಡದ ಓಟು

ಶಿವಾರಪಟ್ಟಣ, ಮಾಲೂರು ತಾಲೂಕು
ಫೆಬ್ರವರಿ 17, 2025, ಸೋಮವಾರ

ಪ್ರೀತಿಯ ಕದಿರೇಶಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ನಾನು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹಾಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದೀಯೋ? ನೀನು ಮೂರ್ತಿ ಮಾಡುತ್ತಿರುವ ಮಲೇಶಿಯಾದ ಗುಡಿಯ ಗೋಪುರ ಎಷ್ಟನೇ ಅಂತಸ್ತಿಗೆ ಬಂತು? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಬೆಳಗ್ಗೆ ಎರಡು ಮುದ್ದೆ ಉಂಡು, ಕಲ್ಲು ಕೆತ್ತುವ ಕೊಟ್ಟಿಗೆಯಲ್ಲಿ ಕೂತು ಕೆಲಸದ ಹುಡುಗರನ್ನು ಬೈಯುತ್ತಾರೆ. ಬೈಯುವ ದನಿ ಇನ್ನೂ ಬಸ್‌ಸ್ಟಾಂಡಿನವರೆಗೂ ಕೇಳಿಸುತ್ತದೆ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೀವಲ್ಲ, ಇವಳಿಗ್ಯಾಕೆ ಕಾಗದದ ಹುಚ್ಚು ಅಂತ ನಗಬೇಡ. ಫೋನ್ ಬಂದ ಕೂಡಲೇ ಅಪ್ಪ ಕಿತ್ತುಕೊಳ್ಳುತ್ತಾರೆ, "ಎಲ್ಲಾ ಚೆನ್ನಾಗೈತೆ ಕಣೋ" ಅಂದು ಇಟ್ಟುಬಿಡುತ್ತಾರೆ. ನನ್ನ ಮಾತು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ.

ಮೊದಲು ನನ್ನ ಮಾನ ಹೋದ ಕಥೆ ಕೇಳು. ಮೊಬೈಲಿನಲ್ಲಿ ಬರೆದು ಹಾಕಿ ಓಟು ಪಡೆಯುವ ಜಾಗ, ನೀನೇ ಸೇರಿಸಿದೆಯಲ್ಲ, ಆ 'ಹರಟೆಕಟ್ಟೆ'ಗೆ? ಕಳೆದ ವಾರ ಅದರಲ್ಲಿ ನನಗೇ ಮೊದಲ ಬಹುಮಾನ! ಯಾವ ಬರಹಕ್ಕೆ ಅಂತ ಗೊತ್ತಾ? ಸಾಮಾನಿನ ಪಟ್ಟಿಗೆ. ಅಪ್ಪ ಮಾಡಿರುವ ಗಣಪತಿ ನಿನಗೆ ಗೊತ್ತೇ ಇದೆ, ಶ್ರೀನಿವಾಸಪುರದ ಮಾವಿನ ಮಂಡಿಯವರು ಹೇಳಿ ಮಾಡಿಸಿದ್ದು. ಸೊಂಡಿಲು, ಹೊಟ್ಟೆ, ಇಲಿ ಎಲ್ಲ ಮುಗಿದು ಕಣ್ಣು ತೆರೆಸುವ ಶಾಸ್ತ್ರವೊಂದೇ ಉಳಿದಿದೆ. ಕಾಯಿ ಮಂಡಿಗೆ ಬರುವುದರೊಳಗೆ ಪ್ರತಿಷ್ಠೆ ಆಗಲೇಬೇಕು ಅಂತ ಅವರ ಒತ್ತಾಯ. ಶಾಸ್ತ್ರಕ್ಕೆ ಬೇಕಾದದ್ದನ್ನು ಅಪ್ಪ ಒಂದೊಂದಾಗಿ ಹೇಳಿದರು, ನಾನು ಮೊಬೈಲಿನಲ್ಲಿ ಬರೆದುಕೊಂಡೆ. ಜೇನುತುಪ್ಪ ಕಾಲು ಕೆಜಿ, ಹಸುವಿನ ತುಪ್ಪ, ಹೊಸ ಕನ್ನಡಿ, ಬಿಳಿ ಪಂಚೆ, ದರ್ಭೆ, ಚಿನ್ನದ ಸೂಜಿ. ಒಟ್ಟು ಏಳು ಇದ್ದವು, ಏಳನೆಯದನ್ನು ಆಮೇಲೆ ಹೇಳುತ್ತೇನೆ. ನಮ್ಮ ಯಜಮಾನರು ಮಾಲೂರಿಗೆ ಹೊರಟಿದ್ದರು, ಅವರಿಗೆ ಕಳಿಸೋಣ ಅಂತ ಒತ್ತಿದೆ. ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಅವಸರದಲ್ಲಿ ಅದು ಹೋಗಿ ಕಟ್ಟೆಯಲ್ಲಿ ಬಿತ್ತು.

ಗೊತ್ತಾಗಿ ಅಳಿಸೋಣ ಅಂತ ನೋಡುತ್ತೇನೆ, ಆಗಲೇ ನಿನ್ನ ಓಟು ಬಿದ್ದಿದೆ, ಓಟು ಬಿದ್ದದ್ದನ್ನು ಅಳಿಸಲು ಅಲ್ಲಿ ಬಿಡುವುದಿಲ್ಲ. ಅಲ್ಲಿಯ ಲೆಕ್ಕ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಟ್ಟೆ ಶುರುವಾದಾಗಿನಿಂದ ಇದ್ದು ಮೂಟೆಗಟ್ಟಲೆ ಕಾಳು, ಅಂದರೆ ಅಲ್ಲಿಯ ಅಂಕ, ಕೂಡಿಟ್ಟವನು ನೀನು. ಯಾರ ಹತ್ತಿರ ಕಾಳು ಹೆಚ್ಚೋ ಅವರ ಓಟಿಗೆ ತೂಕ ಹೆಚ್ಚು, ವಾರದ ಬಹುಮಾನ ಹಂಚುವುದೂ ಆ ತೂಕದ ಮೇಲೆ. ನಿನ್ನ ಒಂದು ಓಟು ಹೊಸಬರ ಆರುನೂರು ಓಟಿಗೆ ಸಮ. ಮೊದಲೇ ಮೆಚ್ಚಿದವರಿಗೂ ಒಂದು ಪಾಲು ಸಿಗುವುದರಿಂದ ನೀನು ಒತ್ತಿದ ಕಡೆಯೇ ಒತ್ತುವವರ ಒಂದು ಹಿಂಡೂ ಇದೆ. ಅವರು ಬಂದು ಬರೆದದ್ದನ್ನು ಓದಿ ನಾನು ಸೆರಗು ಬಾಯಿಗಿಟ್ಟುಕೊಂಡೆ. ಒಬ್ಬರು "ಇಷ್ಟು ಕಡಿಮೆ ಮಾತಿನಲ್ಲಿ ಎಷ್ಟೊಂದು ಆಳ" ಅಂದರು. ಇನ್ನೊಬ್ಬರಿಗೆ 'ಕಾಲು ಕೆಜಿ' ಅನ್ನುವಲ್ಲಿ ಕಣ್ಣಲ್ಲಿ ನೀರು ಬಂತಂತೆ! ಬಹುಮಾನ ಅಂತ ಹನ್ನೆರಡು ಪುಸ್ತಕದ ಕಟ್ಟು ಮನೆಗೇ ಬಂತು. ಯಜಮಾನರು ಮಾತ್ರ ಜೇನುತುಪ್ಪ ಇಲ್ಲದೆ ಬರಿಗೈಲಿ ಬಂದರು.

ನಗು ನಿಂತ ಮೇಲೆ ನಂಗಲಿಯ ಅಂಜಮ್ಮ ಫೋನ್ ಮಾಡಿದಳು. ಹೈವೇ ಪಕ್ಕ ಲಾರಿಯವರಿಗೆ ಇಡ್ಲಿ ಹಾಕುತ್ತಾಳಲ್ಲ, ಕಟ್ಟೆಯಲ್ಲೇ ಸಿಕ್ಕಿದ ಗೆಳತಿ. ಅದೇ ವಾರ ಅವಳು ಒಬ್ಬ ಡ್ರೈವರನ ಟಿಫನ್ ಡಬ್ಬಿಯ ಬಗ್ಗೆ ಬರೆದಿದ್ದಳು. ವಾಪಸ್ ಬರುವಾಗ ತುಂಬಿಸಿಕೊಳ್ಳುತ್ತೀನಿ ಅಂತ ಕೊಟ್ಟು ಹೋದವನು ನಾಲ್ಕು ತಿಂಗಳಾದರೂ ಬಂದಿಲ್ಲ. ಇವಳು ದಿನಾ ಆ ಖಾಲಿ ಡಬ್ಬಿ ತೊಳೆದು ಬಿಸಿಲಿಗೆ ಇಡುತ್ತಾಳೆ. ಓದಿ ನಾನು ಅತ್ತೆ ಕಣಣ್ಣಾ. ನಲವತ್ತೊಂದು ಜನ ಓದಿ, ತಮ್ಮ ಮನೆಯ ಕಥೆ ಹೇಳಿಕೊಂಡು, ಓಟು ಹಾಕಿದ್ದರು. ಎಲ್ಲರೂ ಹೊಸಬರು, ಎಲ್ಲ ಸೇರಿದರೂ ನಿನ್ನ ಒಂದು ಓಟಿನ ಮುಂದೆ ಏನೂ ಅಲ್ಲ. "ನಂಗೆ ಹಾಕಿದೋರು ನಲವತ್ತೊಂದು ಜನ, ಓದಿ ಹಾಕಿದ್ರು. ನಿಂಗೆ ಹಾಕಿದೋನು ಒಬ್ಬ, ಓದೇ ಇಲ್ಲ. ಇದೇಂ ನ್ಯಾಯಂ ಸುನಂದಾ, ನುವ್ವೇ ಚೆಪ್ಪು" ಅಂದಳು, ಇದು ಯಾವ ನ್ಯಾಯ ನೀನೇ ಹೇಳು ಅಂತ. ಪುಸ್ತಕಗಳನ್ನು ನೀನೇ ಇಟ್ಟುಕೋ ಅಂತ ನಾನು ಅಂದರೆ "ನಿನ್ ಪಟ್ಟಿ ಪುಸ್ತಕ ನಂಗ್ಯಾಕೆ" ಅಂದು, ಇನ್ನು ಬರೆಯುವುದೇ ಇಲ್ಲ ಅಂತ ಇಟ್ಟುಬಿಟ್ಟಳು. ನನಗೆ ತುಂಬಾ ನಾಚಿಕೆಯಾಯಿತು.

ನೀನು ಓದಿಲ್ಲ ಅನ್ನುವುದು ನಿಜ. ಗೋಪುರ ಹತ್ತುವಾಗ ಫೋನ್ ಕೆಳಗೆ ಕೊಟ್ಟು ಹೋಗಬೇಕು ಅಂತ ನೀನೇ ಹೇಳಿದ್ದೆ. ಅಂಥ ಹೊತ್ತಿನಲ್ಲೂ ನಾನು ಹಾಕಿದ ಸರಿಯಾಗಿ ಐದನೇ ನಿಮಿಷಕ್ಕೆ ಓಟು ಬೀಳಬೇಕಾದರೆ, ತಂಗಿ ಏನು ಬರೆದರೂ ತಾನಾಗಿ ಬೀಳಲಿ ಅಂತ ಮೊದಲೇ ಹೊಂದಿಸಿಟ್ಟಿದ್ದೀಯ. ಪ್ರೀತಿಯಿಂದಲೇ ಮಾಡಿದ್ದೀಯ, ಗೊತ್ತು. ಆದರೆ ಎರಡು ವರ್ಷದಿಂದ ನಾನು 'ಅಣ್ಣನಿಗೆ ಹಿಡಿಸಿತು' ಅಂತ ಹಿಗ್ಗಿದ್ದೇನಲ್ಲ, ಅಮ್ಮನ ಬಗ್ಗೆ ಬರೆದಾಗಲೂ ಹಿಗ್ಗಿದ್ದೆ.

ಒಬ್ಬರಿಗೆ ಒಂದೇ ಓಟು, ಎಲ್ಲರದ್ದೂ ಸಮ ಅಂತ ಇರಬೇಕಿತ್ತು ಅಂತ ನಾನು ಅಪ್ಪನ ಮುಂದೆ ಕೂಗಾಡಿದೆ. ಅಪ್ಪ ಒಪ್ಪಲಿಲ್ಲ. ಕಲ್ಲಿನಲ್ಲಿ ಒಡಕಿದೆಯೋ ಇಲ್ಲವೋ ಅಂತ ಹೇಳುವುದಕ್ಕೆ ಹತ್ತು ಹುಡುಗರ ಮಾತಿಗಿಂತ ತಮ್ಮ ಒಂದು ಮಾತು ಹೆಚ್ಚು ತೂಗಬೇಕು ಅಂತ ಅವರ ವಾದ. ಆಮೇಲೆ ಉಳಿ ಒರೆಸುತ್ತಾ ಹೇಳಿದರು: "ಆದ್ರೆ ನಾನು ತಟ್ಟಿ, ನಾದ ಕೇಳಿ ಹೇಳ್ತೀನಿ. ತಟ್ಟದೇ ಹೇಳಿದ್ರೆ ನಂದೂ ಒಂದೇ, ದಾರೀಲಿ ಹೋಗೋನ್ದೂ ಒಂದೇ." ನಿನಗೆ ಬೈದದ್ದಲ್ಲ, ಬೇಜಾರು ಮಾಡಿಕೊಳ್ಳಬೇಡ. ಬೈದದ್ದೇ ಅಂತ ಇಟ್ಟುಕೊಂಡರೂ ಪರವಾಗಿಲ್ಲ.

ಅದಕ್ಕೇ ಆ ತಾನಾಗಿ ಬೀಳುವ ಓಟನ್ನು ತೆಗೆದುಹಾಕು. ಅಂಜಮ್ಮನ ಡಬ್ಬಿಯ ಬರಹ ಓದು. ಹಿಡಿಸಿದರೆ ಹಾಕು, ಹಿಡಿಸದಿದ್ದರೆ ಬೇಡ. ನನ್ನದನ್ನೂ ಓದಿ, ಸಪ್ಪೆಯಾಗಿದ್ದರೆ ಸಪ್ಪೆ ಅಂತಲೇ ಬರಿ, ಅಳುವುದಿಲ್ಲ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ಯಜಮಾನರ ನಮಸ್ಕಾರ, ಅಪ್ಪನ ಆಶೀರ್ವಾದ.

ನಿನ್ನ ತಂಗಿ,
ಸುನಂದ

ಬರೆಯಲು ಮರೆತೆ: ಅಂಚೆಯವರು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅಪ್ಪನ ಬಲಗೈ ನಡುಗುತ್ತಿದೆ. ಬೈಯಲು ಏನೂ ತೊಂದರೆ ಇಲ್ಲ, ಡಾಕ್ಟರೂ ಹೆದರಬೇಡಿ ಅಂದಿದ್ದಾರೆ. ಆದರೆ ಚಿನ್ನದ ಸೂಜಿಯಿಂದ ಗಣಪತಿಯ ಕಣ್ಣು ತೆರೆಸಲು ಆ ಕೈ ಆಗುವುದಿಲ್ಲ. ಬೇರೆಯವರ ಕೈಗೆ ಸೂಜಿ ಕೊಡುವುದೂ ಇಲ್ಲ. ಕೆಲಸ ಬಿಟ್ಟು ಬಾ ಅಂತ ನಿನಗೆ ಹೇಳಕೂಡದು ಅಂತ ನನಗೆ ಕಟ್ಟಪ್ಪಣೆ. ಅವತ್ತು ಪಟ್ಟಿ ಹೇಳುವಾಗ ಏಳನೆಯದಾಗಿ "ಕದಿರೇಶ" ಅಂದರು. ಆಮೇಲೆ ತಾವೇ "ಅದನ್ನ ಹೊಡೆದಾಕು" ಅಂದರು. ನಾನು ಹೊಡೆದುಹಾಕಲಿಲ್ಲ, ಹಾಗೇ ಕಟ್ಟೆಗೆ ಹೋಯಿತು. ಅಲ್ಲಿ ನೀನು ಬೇರೆ ಹೆಸರಿನಲ್ಲಿ ಇರುವುದರಿಂದ ಯಾರೀ ಕದಿರೇಶ ಅಂತ ಎಷ್ಟೋ ಜನ ಕೇಳಿದರು, ನೀನೊಬ್ಬ ಕೇಳಲಿಲ್ಲ. ಆರು ಸಾಮಾನು ತಂದಾಗಿದೆ ಅಣ್ಣಾ.