ಅಕ್ಕನ ಪುಟದ ಹನ್ನೊಂದು ನಿಮಿಷ

ಮಾರ್ಚ್ ೧೪, ಗುರುವಾರ

ಹನ್ನೊಂದು ನಿಮಿಷ ಅನ್ನುವುದು ಸುಳ್ಳು. ಅಕ್ಕನಿಗೆ ಆ ಲೆಕ್ಕ ಕೊಟ್ಟವನು ನಾನೇ. ಅಪ್ಪನ ಕೊನೆಯ ದಿನಗಳ ಬಗ್ಗೆ ಅವಳು, ನಾನು ಕೆಲಸ ಮಾಡುವ ವೆಬ್‌ಸೈಟಿಗೆ ಬರೆದದ್ದನ್ನು ಜನ ಅಷ್ಟು ಹೊತ್ತು ಓದುತ್ತಾರೆ ಎಂದು ನಂಬಿ, ಹೋದ ತಿಂಗಳು ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಬರೆಯಲು ಕೂತಳು.

ಓದುಗರು ಮುಂದಿನ ಪುಟ ಕೇಳುವವರೆಗೂ ಇದೇ ಪುಟದಲ್ಲಿ ಇದ್ದಾರೆ ಎಂದು ಎಣಿಸುತ್ತಿದ್ದೆ. ಅವರು ಹಿಂದಕ್ಕೆ ಹೋಗಿ ಹಳೆಯ ಪುಟ ನೋಡಿದರೆ ಬ್ರೌಸರ್ ತಾನು ಉಳಿಸಿಕೊಂಡ ಪ್ರತಿಯನ್ನೇ ತೋರಿಸುತ್ತದೆ, ನಮ್ಮ ಸರ್ವರ್‌ಗೆ ಸುದ್ದಿಯೇ ಬರುವುದಿಲ್ಲ. ಅವರು ಎಲ್ಲೆಲ್ಲೋ ಅಲೆಯುತ್ತಿದ್ದರೂ ಅಕ್ಕನ ಪುಟದ ಲೆಕ್ಕ ಓಡುತ್ತಲೇ ಇತ್ತು. ಓದುಗ ಪುಟ ಬಿಟ್ಟುಹೋದ ಕ್ಷಣ ಆ ಪುಟವೇ ನಮಗೆ ತಿಳಿಸುವಂತೆ ನಿನ್ನೆ ಮಾಡಿದೆ. ಇವತ್ತು ನಿಜವಾದ ಲೆಕ್ಕ ಬಂತು. ನಲವತ್ತು ಸೆಕೆಂಡು. ಇದನ್ನು ಅಕ್ಕನಿಗೆ ಹೇಳಬೇಕು ಎಂದು ವೆಬ್‌ಸೈಟಿನ ಯಜಮಾನರಿಗೆ ಹೇಳಿದೆ.

"ನಿನ್ನನ್ನ ಯಾರು ಕೇಳಿದ್ರು? ಒಂಬತ್ತನೇ ಕ್ಲಾಸ್ ಮುಗಿಸೋಕಾಗ್ಲಿಲ್ಲ, ಹರಿಶ್ಚಂದ್ರನ ತುಂಡು ಇವನು. ಬಾಯ್ಮುಚ್ಕೊಂಡಿರು," ಎಂದರು.

ಆಗಲಿಲ್ಲ. ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

"ಅಷ್ಟರಲ್ಲಿ ಏನು ಓದಿರ್ತಾರೋ?" ಎಂದಳು. ತಟ್ಟೆ ಸರಿಸಿ, ಗಡಿಯಾರ ನೋಡುತ್ತಾ, ತಾನು ಬರೆದದ್ದನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ನಲವತ್ತು ಸೆಕೆಂಡು ಆದಾಗ ಅಪ್ಪ ಇನ್ನೂ ಹಾಸಿಗೆಯಿಂದ ಎದ್ದು ಕೂರಲು ಹೆಣಗುತ್ತಿದ್ದ. ಅಕ್ಕ ಅಲ್ಲಿಗೇ ನಿಲ್ಲಿಸಿದಳು.

ಮುಂದೆ ಓದು ಎನ್ನಬೇಕಿತ್ತು. ನಾನೂ ಗಡಿಯಾರವನ್ನೇ ನೋಡುತ್ತಾ ಕೂತಿದ್ದೆ.