ಅರಿಶಿನ ಹಚ್ಚಿದ ಲಕೋಟೆ

ಹೊಸ ಅಗ್ರಹಾರ,
ಕೃಷ್ಣರಾಜನಗರ ತಾಲ್ಲೂಕು
14 ಮಾರ್ಚ್ 2004, ಭಾನುವಾರ

ಪ್ರೀತಿಯ ರಮ್ಯಾ,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೆ? ನೀರು ಕಾಯಿಸಿಕೊಂಡು ಕುಡಿಯುತ್ತಿದ್ದೀಯ ತಾನೆ? ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಹುಡುಕಬೇಕು ಎಂದು ನೀನು ತಮಾಷೆಗೆ ಬರೆದದ್ದನ್ನು ನಿನ್ನಜ್ಜಿಗೆ ಓದಿ ಹೇಳಿ ತಪ್ಪು ಮಾಡಿದೆ. ಅವತ್ತಿನಿಂದ ಅವಳಿಗೆ ತುತ್ತು ಇಳಿಯುತ್ತಿಲ್ಲವಂತೆ. ಹುರುಳಿ ಹುರಿದು ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ಬೆಂಗಳೂರಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮಾತ್ರ ತಕರಾರು ತೆಗೆಯುತ್ತದೆ. ಕರಿ ಎಮ್ಮೆ ಹೆಣ್ಣು ಕರು ಹಾಕಿದೆ. ಗಿಣ್ಣು ಮಾಡಿದ ದಿನ ಅಜ್ಜಿ ನಿನ್ನ ಹೆಸರು ಹೇಳಿ ಒಂದು ತುಂಡು ಎತ್ತಿಟ್ಟಿದ್ದಳು. ಸಂಜೆಗೆ ಅದು ಕೆಟ್ಟು ಹೋದೀತೆಂದು ನಾನೇ ತಿಂದೆ.

ಇಷ್ಟು ಕುಶಲ ಸಾಕು. ಒಳಗೆ ಒಂದಿಟ್ಟುಕೊಂಡು ಮೇಲೆ ಇನ್ನೊಂದು ಬರೆಯುವ ಚಾಳಿ ನನಗಿಲ್ಲ. ನನಗೆ ಅಸಹ್ಯವಾಗಿದೆ ರಮ್ಯಾ. ಶುಕ್ರವಾರ ಮೈಸೂರಿನಿಂದ ಬಂದಾಗಿನಿಂದ ಅಸಹ್ಯವಾಗಿದೆ. ಬಾಯಿ ಮುಕ್ಕಳಿಸಿದರೂ ಹೋಗುತ್ತಿಲ್ಲ. ಇಷ್ಟು ವರ್ಷ ಮೇಷ್ಟರಾಗಿ ಎಂಥೆಂಥ ಇನ್ಸ್‌ಪೆಕ್ಟರುಗಳನ್ನು ನೋಡಿದ್ದೇನೆ, ಕೋಳಿ ಕೇಳಿದವರನ್ನು ನೋಡಿದ್ದೇನೆ, ತುಪ್ಪ ಕೇಳಿದವರನ್ನು ನೋಡಿದ್ದೇನೆ. ಅವರ ಮೇಲೆ ಸಿಟ್ಟು ಬರುತ್ತಿತ್ತು, ಉಂಡು ಮಲಗಿದರೆ ಇಳಿಯುತ್ತಿತ್ತು. ಇದು ಇಳಿಯುತ್ತಿಲ್ಲ. ಅದಕ್ಕೇ ನಿನಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಲಾ ಕಾಲೇಜಿನ ರಜೆಯಲ್ಲಿ ಮೈಸೂರಿನ ಆ ದೊಡ್ಡ ವಕೀಲರ ಕಚೇರಿಯಲ್ಲಿ ಕೆಲಸ ಕಲಿಯಬೇಕೆಂದು ನೀನು ಡಿಸೆಂಬರಿನಲ್ಲಿ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದೆಯಲ್ಲ, ಆಗ ನಿನ್ನ ಕೈಯಲ್ಲಿ ಇದ್ದದ್ದು ಮೊದಲ ವರ್ಷದ ಗ್ರೇಡು ಮಾತ್ರ. ಆ ಗ್ರೇಡು ನನಗೆ ಗೊತ್ತು. ಕನ್ನಡದಲ್ಲಿ ಓದಿಕೊಂಡು ಹೋದ ಹುಡುಗಿ. ಪಾಠ ನಿನ್ನ ತಲೆಗೆ ಇಳಿಯುವ ಹೊತ್ತಿಗೆ ಮೇಷ್ಟರು ಮುಂದಿನ ಪುಟದಲ್ಲಿರುತ್ತಾರೆ ಎಂದು ಅಳುತ್ತಾ ಬರೆದಿದ್ದೆ. ಆಮೇಲೆ ಈ ವರ್ಷ ನೀನು ಏನು ಮಾಡಿದೆ ಅನ್ನುವುದೂ ನನಗೆ ಗೊತ್ತು. ದಸರಾಕ್ಕೆ ಮನೆಗೆ ಬಂದವಳು ಊರು ಸುತ್ತಲಿಲ್ಲ, ನಿಘಂಟು ಇಟ್ಟುಕೊಂಡು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಹಿಂದಿನ ನೆರಳಿನಲ್ಲಿ ಕೂತಿದ್ದೆ. ಹೊಸ ಗ್ರೇಡು ಬಂದ ಕೂಡಲೇ ಅರ್ಜಿ ಹಾಕಿದ ಎಲ್ಲ ಕಡೆಗೂ ಅಂಚೆಯಲ್ಲಿ ಕಳಿಸಿದೆ. ಈ ಒಂದು ಕಚೇರಿಗೆ ಮಾತ್ರ ನಾನೇ ಹೋಗಿ, ಹಳೆಯ ಅರ್ಜಿಯ ಜೊತೆಗೆ ಹೊಸ ಗ್ರೇಡು ಸೇರಿತು ಎಂದು ಕಣ್ಣಾರೆ ನೋಡಿ ಬರಬೇಕೆಂದು ನೀನು ಕೇಳಿಕೊಂಡೆ. ಆ ವಕೀಲರು ನಿಮ್ಮ ಕಾಲೇಜಿಗೆ ಬಂದು, ತಮ್ಮ ಕಚೇರಿಯಲ್ಲಿ ಪ್ರತಿಭೆಗೆ ಮಾತ್ರ ಕುರ್ಚಿ ಎಂದು ಭಾಷಣ ಮಾಡಿದ್ದರಂತೆ. ಆ ಮಾತನ್ನು ನೀನು ಕಾಗದದಲ್ಲಿ ಎರಡು ಸಲ ಬರೆದಿದ್ದೆ.

ನೀನು ಅಂಟಿಸಿ ಕಳಿಸಿದ ಲಕೋಟೆಯನ್ನು ನಾನು ಒಡೆಯಲಿಲ್ಲ. ದೇವರ ಮುಂದೆ ಇಟ್ಟು ಹೊರಡುತ್ತೇನೆಂದರೆ ನಿನ್ನಜ್ಜಿ ಬಿಟ್ಟಾಳೆಯೆ? ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಡುವೆ ಒಂದು ಚಿಟಿಕೆ ಕುಂಕುಮ ಇಟ್ಟಳು. “ಇದೇನು ಲಗ್ನಪತ್ರಿಕೆಯೇನೆ ಸಿದ್ದಲಿಂಗೂ” ಎಂದು ರೇಗಿಸಿದೆ. “ನಿಮ್ಗೇನ್ ಗೊತ್ತು, ನಮ್ ಕೂಸ್ ಓದಿರೋದು ಅದ್ರೊಳ್ಗೈತೆ. ಬರೀ ಮೂಲೇಲಿ ಕಳ್ಸಾಕಾಯ್ತದಾ?” ಅಂದಳು. ನನಗೂ ಸರಿಯೆನಿಸಿತು. ಆ ಲಕೋಟೆ ಮಡಿಸಬಾರದೆಂದು ಹಳೆಯ ಪಂಚಾಂಗದೊಳಗೆ ಇಟ್ಟುಕೊಂಡು, ಒಗೆದ ಜುಬ್ಬ ಹಾಕಿ, ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ, ಮೈಸೂರಿನ ತನಕ ತೊಡೆಯ ಮೇಲೇ ಇಟ್ಟುಕೊಂಡು ಹೋದೆ.

ಕಚೇರಿ ದೊಡ್ಡದು. ಮೊದಲನೇ ಮಹಡಿ, ಮಂಡಿಗೆ ನಮಸ್ಕಾರ ಹೇಳಿಕೊಂಡು ಹತ್ತಿದೆ. ಒಳಗೆ ಮಾದೇಶ ಎಂಬ ಗುಮಾಸ್ತ ಕೂತಿದ್ದ, ನಮ್ಮ ಪಿರಿಯಾಪಟ್ಟಣದ ಕಡೆಯವನೇ. ನಾನು ಪಂಚಾಂಗದಿಂದ ಲಕೋಟೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವನು ಅರಿಶಿನ ನೋಡಿದ, ನನ್ನ ಜುಬ್ಬ ನೋಡಿದ, “ಸಂತೋಷ ಯಜಮಾನ್ರೆ, ಸಾಯೇಬ್ರಿಗೆ ತಿಳಿಸ್ತೀನಿ” ಎಂದು ಪಕ್ಕದಲ್ಲಿದ್ದ ಬೆತ್ತದ ಬುಟ್ಟಿಗೆ ಎಸೆದ. ಬುಟ್ಟಿಯ ತುಂಬ ಮದುವೆ ಕರೆಯೋಲೆಗಳು. ನಿನ್ನ ಒಂದು ವರ್ಷದ ಓದು ಹೋಗಿ ಯಾರದೋ ಆರತಕ್ಷತೆಯ ಮೇಲೆ ಕೂತುಬಿಟ್ಟಿತು. ನನಗೆ ಆಗ ನಗುವೇ ಬಂತು, ಸುಳ್ಳು ಹೇಳುವುದಿಲ್ಲ.

“ಅಯ್ಯಾ, ಅದು ಮದುವೆದಲ್ಲ ಕಣಪ್ಪ, ಗ್ರೇಡು” ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಒಳಗಿನ ಗಾಜಿನ ಬಾಗಿಲು ತೆರೆದು ದೊಡ್ಡ ವಕೀಲರೇ ಬಂದರು. ಕಿವಿಯಲ್ಲಿ ಪೆನ್ನಿನ ಮುಚ್ಚಳ ಆಡಿಸುತ್ತಿದ್ದರು. ಗುಮಾಸ್ತ ನನ್ನನ್ನು ತೋರಿಸಿದ. ಅವರು ಬುಟ್ಟಿಯತ್ತ ಒಂದು ನೋಟ ಬೀರಿ, ಮದುವೆ ಯಾವತ್ತು, ಛತ್ರ ಎಲ್ಲಿ ಎಂದು ಕೇಳಿದರು. ನಾನು ನಿನ್ನ ಹೆಸರು ಹೇಳಿದೆ. ಡಿಸೆಂಬರಿನ ಅರ್ಜಿ, ಈಗ ಬಂದಿರುವ ಗ್ರೇಡು, ಹಳೆಯದನ್ನು ನೋಡಿ ಮಗುವನ್ನು ಅಳೆಯಬಾರದೆಂಬ ನಿನ್ನ ಕೋರಿಕೆ, ಎಲ್ಲವನ್ನೂ ಪಾಠ ಒಪ್ಪಿಸುವ ಹುಡುಗನ ಹಾಗೆ ನಿಂತುಕೊಂಡೇ ಹೇಳಿದೆ. ಅವರು ಮುಚ್ಚಳವನ್ನು ಕಿವಿಯಿಂದ ತೆಗೆದು ಅದರ ತುದಿಯನ್ನು ನೋಡಿಕೊಂಡು, “ನೀವು ಯಾವ ಪೈಕಿ?” ಅಂದರು. ನಾನು ಮೇಷ್ಟರ ಪೈಕಿ ಎಂದೆ. ಗುಮಾಸ್ತ ತಲೆ ತಗ್ಗಿಸಿಕೊಂಡ, ಅವರಿಗೆ ಮಾತ್ರ ಏನೂ ತಾಗಲಿಲ್ಲ.

ಆಮೇಲೆ ಅವರಿಗೆ ಏನೋ ಹೊಳೆಯಿತು. ಮುಖ ಅರಳಿತು. “ಓಹೋ, ಹುಣಸೂರಿನ ವಸಂತ್ ಅವರ ತಂದೆಯೇನ್ರೀ ನೀವು? ಮೊದಲೇ ಹೇಳಬಾರದೆ? ನಿಮ್ಮ ಮೊಮ್ಮಗಳದ್ದು ಆಗಲೇ ಆಗಿಹೋಯಿತಲ್ಲ. ಮೇಲಿನವರಿಂದ ಫೋನ್ ಬಂದಿತ್ತು. ಏಪ್ರಿಲ್ ಐದಕ್ಕೆ ಬರಲಿ ಬಿಡಿ” ಅಂದರು. ನಾನು, ಹಾಗಾದರೆ ಈ ಗ್ರೇಡು ಎಂದು ಬುಟ್ಟಿಯ ಕಡೆ ಕೈ ತೋರಿಸಿದೆ. “ಅದೆಲ್ಲ ಏನೂ ಬೇಡ, ಯಾರು ನೋಡ್ತಾರೆ ಅದನ್ನ?” ಎಂದು ನಕ್ಕರು. ಒಳ್ಳೆಯ ಸುದ್ದಿ ಕೊಟ್ಟವರು ನಗುವ ಹಾಗೆ ನಕ್ಕರು. ನಾನೂ ನಗಬೇಕೆಂದು ಕಾದು ನಿಂತಿದ್ದರು.

ಅಲ್ಲಿಗೆ ನನಗೆ ತಿಳಿಯಿತು. ನಿನ್ನಪ್ಪ ಮಾಡಿದ ಕೆಲಸ ಇದು. ಹೊಗೆಸೊಪ್ಪು ಬೆಳೆಗಾರರ ಸಂಘ ಸಂಘ ಎಂದು ಓಡಾಡುತ್ತಾನಲ್ಲ, ಯಾರೋ ಮುಖಂಡನನ್ನು ಹಿಡಿದು ಹೇಳಿಸಿದ್ದಾನೆ. ನಿನಗೂ ಹೇಳಿಲ್ಲ, ನನಗೂ ಹೇಳಿಲ್ಲ. ನೀನು ಹೊಸ ಗ್ರೇಡು ಬರಲಿ ಎಂದು ಹಗಲೂ ರಾತ್ರಿ ಕಾಯುತ್ತಿದ್ದಾಗ ಇಲ್ಲಿ ಅದರ ಅವಶ್ಯಕತೆಯೇ ಮುಗಿದುಹೋಗಿತ್ತು. ಆ ಮೊದಲ ವರ್ಷದ ಗ್ರೇಡಿಗೇ ಕುರ್ಚಿ ಸಿಕ್ಕಿತ್ತು. ಅಥವಾ ಅದಕ್ಕೂ ಅಲ್ಲ, ಅದನ್ನೂ ಅವರು ನೋಡಿರಲಾರರು. ನೀನು ದಡ್ಡಿಯಾಗಿದ್ದರೂ ಸಿಗುತ್ತಿತ್ತು, ಜಾಣೆಯಾಗಿದ್ದರೂ ಸಿಗುತ್ತಿತ್ತು. ನಿನ್ನನ್ನು ಬೇಡವೆಂದಿದ್ದರೆ ನನಗೆ ನೋವಾಗುತ್ತಿತ್ತು. ಹೀಗೆ ಬೇಕೆಂದದ್ದಕ್ಕೆ ಅಸಹ್ಯವಾಯಿತು. ನಾನು ಬುಟ್ಟಿಗೆ ಕೈ ಹಾಕಿ, ನಮ್ಮ ಲಕೋಟೆಯನ್ನು ಹುಡುಕಿ ತೆಗೆದುಕೊಂಡು ಇಳಿದು ಬಂದೆ.

ಬಸ್ಸಿನಲ್ಲಿ ನಮ್ಮ ಹರಾಜು ಕಟ್ಟೆಯೇ ಕಣ್ಣಿಗೆ ಬರುತ್ತಿತ್ತು. ನೀನು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ನೋಡಿದ್ದೀಯ. ಹೊಗೆಸೊಪ್ಪು ಕೊಳ್ಳಲು ಬರುವವರಲ್ಲಿ ಸಂಭಾವಿತರು ಕಡಿಮೆ. ಆದರೂ ಅವರು ಸೊಪ್ಪಿನ ಮೂಟೆಯೊಳಗೆ ಕೈ ತೂರಿಸಿ ಒಂದು ಹಿಡಿ ಸೊಪ್ಪು ಎಳೆಯುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮೂಸಿ ನೋಡುತ್ತಾರೆ, ಆಮೇಲೆ ಗ್ರೇಡು ಕೂಗುತ್ತಾರೆ. ಕಡಿಮೆ ಕೂಗಿದರೆ ಜಗಳ ಆಡುತ್ತೇವೆ, ಆಡುವುದಕ್ಕೆ ಒಂದು ಜಾಗವಿರುತ್ತದೆ. ಹೊಗೆಸೊಪ್ಪಿಗೆ ಇರುವ ಆ ಮರ್ಯಾದೆ ನನ್ನ ಮೊಮ್ಮಗಳ ಓದಿಗೆ ಇಲ್ಲವಾಯಿತೆ ಎಂದು ಕೆ.ಆರ್. ನಗರ ಬರುವ ತನಕ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಸಂಜೆ ಹುಣಸೂರಿನಿಂದ ನಿನ್ನಪ್ಪ ಬಂದ, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಕುರ್ಚಿ ಸಿಕ್ಕಿದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನೂ ಬಿಡಲಿಲ್ಲ. “ಸುಮ್ಕಿರಪ್ಪೋ, ನಿನ್ ಕಾಲ ಅಲ್ಲ ಇದು. ಗ್ರೇಡ್ ನೋಡಿ ಯಾವನ್ ಕರೀತಾನೆ? ಅಲ್ಲಿ ಬಂದಿರೋ ಅರ್ಜಿಗೆಲ್ಲಾ ಒಬ್ಬೊಬ್ಬ ಹೇಳ್ಸವ್ನೆ. ನನ್ ಮಗಳಿಗ್ ಮಾತ್ರ ಯಾರೂ ಇಲ್ಲ ಅಂತ ಆಗ್ಬೇಕಿತ್ತಾ?” ಅಂದ. ಅವನ ಕಣ್ಣಿನಲ್ಲಿ ನೀರಿತ್ತು ರಮ್ಯಾ. ನಿನ್ನ ಮೊದಲ ವರ್ಷದ ಗ್ರೇಡು ನೋಡಿ ಅವನು ಎಷ್ಟು ಹೆದರಿದ್ದನೋ ನನಗೆ ಗೊತ್ತಿರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದಾನೆ. ಆದರೆ ನಿನ್ನ ಓದನ್ನು ಅವನೂ ನಂಬಲಿಲ್ಲವಲ್ಲ, ಆ ಮೈಸೂರುಪಾಕಿನ ಪೊಟ್ಟಣವನ್ನು ನಾನು ಬಿಚ್ಚಲಿಲ್ಲ.

ಅವನು ಹೋದ ಮೇಲೆ ನಿನ್ನಜ್ಜಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಶಿಫಾರಸು, ಮುಖಂಡ, ಇವೆಲ್ಲ ತಲೆಗೆ ಹೋಗಲಿಲ್ಲ. ಒಂದೇ ಒಂದು ಕೇಳಿದಳು. “ಅಂಗಾರೆ, ನಮ್ ಕೂಸ್ ಓದಿದ್ನ ಯಾರೂ ಓದ್ಲೇ ಇಲ್ವಾ?” ಕನ್ನಡಕ ಹಾಕಿಕೊಂಡು ಲಕೋಟೆ ಒಡೆದೆ. ನಿನ್ನ ಅಪ್ಪಣೆ ಇಲ್ಲದೆ ಒಡೆದೆ, ಬೈಯಬೇಡ. ಒಂದೊಂದೇ ವಿಷಯ ಜೋರಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕರಾರು ಕಾಯ್ದೆ ಎಂದರೆ ಮಾತು ಕೊಟ್ಟವರು ಉಳಿಸಿಕೊಳ್ಳುವುದು ಎಂದೆ. ಅಜ್ಜಿ ತಲೆಯಾಡಿಸಿದಳು. ಸಂವಿಧಾನದ ಎದುರಿಗೆ ದೊಡ್ಡದೊಂದು ಸೊನ್ನೆ ಕಂಡಿತು. ಅವಳಿಗೆ ಹೇಳದೆ ಮುಂದಕ್ಕೆ ಹಾರಿಸಿದೆ. ಕೊನೆಗೆ ಅಡಿಯಲ್ಲಿದ್ದ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು, ಅದು ಸೊನ್ನೆಯಲ್ಲ, ‘ಓ’ ಅಕ್ಷರ, ನಿಮ್ಮಲ್ಲಿ ಅದಕ್ಕಿಂತ ಮೇಲಿನ ಗ್ರೇಡೇ ಇಲ್ಲ! ಮತ್ತೆ ಹಿಂದಕ್ಕೆ ಹೋಗಿ ಅದನ್ನೇ ಎರಡು ಸಲ ಓದಿದೆ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆ ಹೊತ್ತಿಸಲು ಎದ್ದಳು.

ಆದ್ದರಿಂದ ನಿನ್ನ ಗ್ರೇಡನ್ನು ಯಾರೂ ಓದಲಿಲ್ಲ ಎಂದು ಕೊರಗಬೇಡ. ಇಬ್ಬರು ಓದಿದ್ದೇವೆ. ನಿನ್ನಪ್ಪನನ್ನೂ ಒಂದು ದಿನ ಕೂರಿಸಿ ಓದಿಸುತ್ತೇನೆ. ಅವನಿಗೆ ನೀನು ಬಿರುಸಾಗಿ ಬರೆಯಬೇಡ, ಆ ಕೆಲಸ ನಾನು ಆಗಲೇ ಮಾಡಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣು ಉರಿಯುವ ತನಕ ಓದಬೇಡ. ನಿನ್ನ ತಲೆಗೆ ಎಣ್ಣೆ ಇಟ್ಟು ಎಷ್ಟು ದಿನವಾಯಿತೆಂದು ಅಜ್ಜಿ ಕೇಳುತ್ತಿದ್ದಾಳೆ. ನಿನ್ನ ತಲೆಯ ಮೇಲೆ ಇಬ್ಬರ ಕೈಯೂ ಸದಾ ಇದೆ ಎಂದು ತಿಳಿದುಕೋ.

ಇಂತಿ ನಿನ್ನ ತಾತ,
ಸಣ್ಣಬೀರಯ್ಯ
(ನಿವೃತ್ತ ಉಪಾಧ್ಯಾಯ)

ಮರೆತೆನೆಂದು ತಿಳಿಯಬೇಡ, ಮೇಲೆ ಬರೆಯಲು ಕೈ ಏಳಲಿಲ್ಲ: ಲಕೋಟೆ ತೆಗೆದುಕೊಂಡು ಇಳಿದು ಬಂದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬಾಗಿಲಲ್ಲಿ ನಿಂತು, ಓದದೆ ಕೊಡುವ ಕುರ್ಚಿ ನನ್ನ ಮೊಮ್ಮಗಳಿಗೆ ಬೇಡ, ಅವಳು ಬರುವುದಿಲ್ಲ ಎಂದು ಆ ವಕೀಲರಿಗೆ ಹೇಳಿಬಿಟ್ಟೆ. ಹೇಳುವ ಹಕ್ಕು ನನ್ನದಲ್ಲ, ನಿನ್ನದು. ಮೆಟ್ಟಿಲಿಳಿಯುವಾಗ ಮಾದೇಶ ಹಿಂದೆಯೇ ಓಡಿ ಬಂದು, “ನಾನು ಹೆಸ್ರು ಹೊಡ್ಯಾಕಿಲ್ಲ ಯಜಮಾನ್ರೆ, ಮಗೀಗೆ ಒಂದ್ ಫೋನ್ ಮಾಡಾಕೇಳಿ” ಎಂದು ನಂಬರು ಬರೆದ ಚೀಟಿ ಕೊಟ್ಟ. ಇದರೊಳಗೆ ಇಟ್ಟಿದ್ದೇನೆ. ಹೋಗಬೇಕು ಅನ್ನಿಸಿದರೆ ಬೇಗ ಫೋನ್ ಮಾಡಿ, ತಾತನಿಗೆ ಅರಳುಮರಳು ಎಂದು ಹೇಳು. ಅವರು ನಂಬುತ್ತಾರೆ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಬೇಡ ಅನ್ನಿಸಿದರೆ ಫೋನ್ ಮಾಡಬೇಡ, ಗ್ರೇಡಿನ ಇನ್ನೊಂದು ಪ್ರತಿ ಕಳಿಸು, ಮಂಡಿ ಇರುವ ತನಕ ಬೇರೆ ಮೆಟ್ಟಿಲು ಹತ್ತುತ್ತೇನೆ. ಅಜ್ಜಿ ಈ ಸಲ ಅರಿಶಿನವನ್ನು ಲಕೋಟೆಗೆ ಹಚ್ಚುವುದಿಲ್ಲವಂತೆ, ಒಳಗಿನ ಹಾಳೆಗೆ ಹಚ್ಚುತ್ತಾಳಂತೆ. “ಬಿಚ್ಚಿ ನೋಡ್ದೋರ್ಗೆ ಮಾತ್ರ ಕಾಣ್ಲಿ ಬುಡಿ” ಅನ್ನುತ್ತಿದ್ದಾಳೆ.